ನಿಂತಂತೆ ಕಾಣುವ ಅಲಗು

ದೀಪಾವಳಿ ಹತ್ತಿರವಾದಾಗ ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಒಂದು ದುಂಡು ಅಲಗು ಡಬ್ಬಿಯಿಂದ ಹೊರಗೆ ಬರುತ್ತದೆ. ಹಿಡಿಕೆಯ ತುದಿಯಲ್ಲಿ ತಿರುಗುವ, ಅಂಚಿಗೆ ಅಲೆಅಲೆಯಾದ ಹಲ್ಲುಗಳಿರುವ ಪುಟ್ಟ ಗಾಲಿ ಅದು. ಲಟ್ಟಿಸಿದ ಹಿಟ್ಟಿನ ಮೇಲೆ ತಾಯಿ ಅದನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಓರೆಯಾಗಿ ಓಡಿಸಿದಳೆಂದರೆ ಶಂಕರಪಾಳಿಯ ತುಂಡುಗಳು ಸಾಲುಸಾಲಾಗಿ ಬಿಡಿಸಿಕೊಳ್ಳುತ್ತವೆ. ಕರಚಿಕಾಯಿಯ ಅಂಚಿಗೂ ಅದೇ ಬೇಕು. ಮಕ್ಕಳು ಅದಕ್ಕಾಗಿ ಜಗಳಾಡುತ್ತಾರೆ. ತಾಯಂದಿರು ನಿಶ್ಚಿಂತೆಯಿಂದ ಕೊಡುತ್ತಾರೆ, ಏಕೆಂದರೆ ಅದು ಹಿಟ್ಟನ್ನು ಕತ್ತರಿಸುತ್ತದೆಯೇ ಹೊರತು ಬೆರಳನ್ನಲ್ಲ. ಈ ವಾರ ನಾನು ಬರೆಯಹೊರಟಿರುವುದು ಆ ಗಾಲಿಯ ದೊಡ್ಡಣ್ಣನನ್ನು ಕುರಿತು, ಎಂದರೆ ಕಾಗದವನ್ನೂ ರಟ್ಟನ್ನೂ ಸೀಳುವ ಕಾರ್ಖಾನೆಯ ದುಂಡಲಗನ್ನು ಕುರಿತು. ಇದು ಶಾಲೆಯ ಮಾತೇ ಎಂದು ಪಾಲಕರು ಕೇಳಬಹುದು. ಶಾಲೆಯ ಮಾತೇ ಹೌದು, ಹೇಗೆಂಬುದನ್ನು ಹೇಳುತ್ತೇನೆ.

ಕಳೆದ ತಿಂಗಳು ಸಲಗರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಪಂಕ್ತಿಯಲ್ಲಿ ಬಡಿಸುತ್ತಿದ್ದ ತರುಣನೊಬ್ಬ ನನ್ನನ್ನು ಕಂಡು, ಕೈಯಲ್ಲಿದ್ದ ಪಾತ್ರೆಯನ್ನು ಬದಿಗಿಟ್ಟು ಕಾಲು ಮುಟ್ಟಿ ನಮಸ್ಕರಿಸಿದ. ನಾಲ್ಕು ವರ್ಷಗಳ ಹಿಂದೆ ನನ್ನ ಕೈಕೆಳಗೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವನು. ನಾನು ಗಣಿತ ಕಲಿಸುತ್ತಿದ್ದೆ, ಈಗ ನಿವೃತ್ತ. ಅವನ ಎಡಗೈಯ ನಡುವಿನ ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಪಾ ಇದು?” ಎಂದೆ.

“ಏನಿಲ್ರಿ ಸರ್, ಸ್ವಲ್ಪ ಬ್ಲೇಡ್ ತಾಕೇತ್ರಿ” ಎಂದು ಬೆರಳನ್ನು ಹಿಂದಕ್ಕೆಳೆದುಕೊಂಡ.

ಹೇಳಿದವಳು ಅವನ ತಾಯಿ. ಮಗ ಕುಪವಾಡದ ಔದ್ಯೋಗಿಕ ವಸಾಹತಿನ ಕಡೆಗೆ ಒಂದು ಖೊಕ್ಕೆ ಮಾಡುವ ಕಾರಖಾನೆಗೆ ಹೋಗುತ್ತಾನೆ, ಅಲ್ಲಿ ಬೆರಳಿನ ತುದಿ ಹೋಯಿತು ಎಂದಳು. ಆಮೇಲೆ ಒಂದು ಮಾತು ಸೇರಿಸಿದಳು: “ತಪ್ಪ ತಿಳಕೋಬ್ಯಾಡ್ರಿ ಸರ್. ಕನ್ನಡ ಸಾಲಿಗೆ ಹಾಕಿದ್ದಕ್ಕ ಹಿಂಗಾತೇನೋ ಅನಸ್ತೈತ್ರಿ. ಮರಾಠಿ ಸಾಲಿಗೆ ಹಾಕಿದ್ರ, ಮಿಷನ್ನಿನ ಮ್ಯಾಗಿನ ಬೋರ್ಡರ ಓದತಿದ್ದ.”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರಿಸುವುದು ಸುಲಭವಾಗುತ್ತಿತ್ತು. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಇದೇ ಮಾತು ಬೇರೆ ಬೇರೆ ರೂಪದಲ್ಲಿ ಆಡಲ್ಪಡುತ್ತದೆಂಬುದನ್ನು ನಾನು ಬಲ್ಲೆ. ಹುಡುಗನಿಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂದು ಅಲ್ಲಿಯೇ ಹೇಳಬಹುದಿತ್ತು. ಆ ವಿಷಯದಲ್ಲಿಯೂ ಅವನು ಒಳ್ಳೆಯ ಗುಣಗಳಿಂದಲೇ ಉತ್ತೀರ್ಣನಾದವನು. ಹೇಳಲಿಲ್ಲ. ಬದಲಾಗಿ ಆ ಯಂತ್ರವನ್ನು ಒಮ್ಮೆ ನೋಡಬೇಕೆಂದು ಹುಡುಗನಿಗೆ ಹೇಳಿದೆ. ಕಾರಖಾನೆಯ ಮಾಲಕರು ಸಜ್ಜನರು. ತಮ್ಮ ಹೆಸರು ಪತ್ರಿಕೆಯಲ್ಲಿ ಬರಕೂಡದೆಂಬ ಕರಾರಿನ ಮೇಲೆ ಒಳಗೆ ಬಿಟ್ಟರು.

ಸಾಂಗಲಿ, ತಾಸಗಾವಿಯ ಪೇಟೆಗಳಲ್ಲಿ ಬೇದಾಣೆಯ ಲಿಲಾವಿಗೆ ಹೋದವರಿಗೆ ಖೊಕ್ಕೆಯ ಪರಿಚಯವಿರುತ್ತದೆ. ಒಣದ್ರಾಕ್ಷಿಯನ್ನು 15 ಕಿಲೋ ತೂಕಕ್ಕೆ ತುಂಬಿ ಒಂದರ ಮೇಲೊಂದು ಅಡಕಿದ ಆ ಕಂದು ಬಣ್ಣದ ರಟ್ಟಿನ ಪೆಟ್ಟಿಗೆಗಳೇ ಅವು. ರಟ್ಟೆಂದರೆ ಒಂದೇ ದಪ್ಪ ಹಾಳೆಯಲ್ಲ. ಎರಡು ಚಪ್ಪಟೆ ಕಾಗದಗಳ ನಡುವೆ ಅಲೆಯಂತೆ ಮಡಿಸಿದ ಇನ್ನೊಂದು ಕಾಗದವಿರುತ್ತದೆ. ಹೀಗೆ ಮೂರು ಪದರ, ಐದು ಪದರ, ಏಳು ಪದರ. ಅಲೆಯಾಕಾರದ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸನ್ನದು ದೊರೆತದ್ದು ಪೆಟ್ಟಿಗೆಗಾಗಿ ಅಲ್ಲ, ದೊಡ್ಡವರ ಎತ್ತರದ ಟೊಪ್ಪಿಗೆಯ ಒಳಗೆ ಅಸ್ತರಿಗಾಗಿ! ಬಾಟಲಿ, ದೀಪದ ಗಾಜುಗಳಿಗೆ ಅದನ್ನು ಸುತ್ತುವ ಯೋಚನೆ ಅಮೇರಿಕೆಯಲ್ಲಿ 1871ರಲ್ಲಿ ಬಂತು. ಈಗ ದ್ರಾಕ್ಷಿಯಿಂದ ದೂರದರ್ಶನದವರೆಗೆ ಎಲ್ಲವೂ ಅದರೊಳಗೇ ಪ್ರಯಾಣ ಮಾಡುತ್ತವೆ.

ಕಾರಖಾನೆಯ ಒಂದು ಮೂಲೆಯಲ್ಲಿ ಕ್ರಾಫ್ಟ್ ಕಾಗದದ ರೀಲುಗಳಿದ್ದವು. ಒಂದೊಂದು ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಬೇಕಾದ ಖೊಕ್ಕೆಯ ಅಳತೆಗೆ ಅಗಲ ಹೆಚ್ಚಾದರೆ ಮೊದಲು ರೀಲನ್ನೇ ಸೀಳಬೇಕು. ಹಾಗೆ ಸೀಳುವ ಯಂತ್ರದ ಮೇಲೆ ಅಡ್ಡ ದಂಡೆ. ದಂಡೆಯ ಮೇಲೆ ತಟ್ಟೆಯಂತಹ ಉಕ್ಕಿನ ಅಲಗುಗಳು. ಕಾಗದ ಒಂದು ರೀಲಿನಿಂದ ಬಿಚ್ಚಿಕೊಂಡು ಅಲಗುಗಳ ಕೆಳಗೆ ಹಾದು, ಎರಡಾಗಿ, ಆಚೆ ಬೇರೆ ಬೇರೆ ರೀಲುಗಳಾಗಿ ಸುತ್ತಿಕೊಳ್ಳುತ್ತದೆ. ಸೀಳಿದ ಕಾಗದ ಮುಂದೆ ಬಿಸಿಯಾದ ಹಲ್ಲಿನ ಉರುಳೆಗಳ ನಡುವೆ ನುಗ್ಗಿ ಅಲೆಯಾಗುತ್ತದೆ. ಗೋವಿನಜೋಳದ ಪಿಷ್ಟದ ಗಂಜಿಯಿಂದ ಇನ್ನೊಂದು ಕಾಗದಕ್ಕೆ ಅಂಟುತ್ತದೆ. ಹಾಳೆಗಳು ಒಣಗಿದ ಮೇಲೆ ಮತ್ತೆ ದುಂಡಲಗಿನ ಯಂತ್ರವೇ. ಇಲ್ಲಿ ಅಂಚು ಕತ್ತರಿಸುವ ಅಲಗೂ ಮಡಿಕೆಯ ಗೆರೆ ಒತ್ತುವ ಗಾಲಿಯೂ ಒಂದೇ ದಂಡೆಯ ಮೇಲಿರುತ್ತವೆ. ಕೊನೆಗೆ ತಂತಿಯ ಹೊಲಿಗೆ. ಹೊಲಿಗೆಯ ಯಂತ್ರದ ಮುಂದೆ ನಾಲ್ವರು ಹೆಂಗಸರಿದ್ದರು. ಒಬ್ಬಾಕೆಯ ಕೂಸು ಕತ್ತರಿಸಿ ಉಳಿದ ಕಾಗದದ ರಾಶಿಯ ಮೇಲೆ ಮಲಗಿತ್ತು.

ಅಲಗು ದುಂಡಗೇಕೆ? ನೇರವಾದ ಕತ್ತಿ ಸಾಲದೇ? ಈ ಪ್ರಶ್ನೆಗೆ ಉತ್ತರ ಕಾಗದದ ಇತಿಹಾಸದಲ್ಲಿದೆ. ಕಾಗದವನ್ನು ಚೌಕಟ್ಟಿನಲ್ಲಿ ಕೈಯಿಂದ ಎತ್ತುತ್ತಿದ್ದ ಕಾಲದಲ್ಲಿ ಅದು ಹಾಳೆಹಾಳೆಯಾಗಿಯೇ ಹುಟ್ಟುತ್ತಿತ್ತು. ಫ್ರಾನ್ಸಿನ ಲೂಯಿ ನಿಕೊಲಾ ರಾಬೆರ್ ಎಂಬಾತ 1799ರಲ್ಲಿ ಸನ್ನದು ಪಡೆದ ಯಂತ್ರದಿಂದ ಕಾಗದ ಮುಗಿಯದ ಪಟ್ಟಿಯಾಗಿ ಹೊರಬೀಳತೊಡಗಿತು. ಎತ್ತಿ ಇಳಿಸುವ ಕತ್ತಿಗೆ ಕಾಗದ ನಿಲ್ಲಬೇಕು. ಓಡುವ ಪಟ್ಟಿಯನ್ನು ಉದ್ದಕ್ಕೂ ಸೀಳಬೇಕಾದರೆ ಅಲಗಿಗೂ ಕೊನೆಯಿರಬಾರದು. ಕೊನೆಯಿಲ್ಲದ ಅಂಚೆಂದರೆ ವೃತ್ತವೇ. ಮೇಲಾಗಿ ಅದರಲ್ಲಿ ಒಂದು ನ್ಯಾಯವಿದೆ: ಅಂಚಿನ ಪ್ರತಿಯೊಂದು ಬಿಂದುವೂ ತನ್ನ ಸರದಿಗೆ ಕ್ಷಣಮಾತ್ರ ದುಡಿದು, ಉಳಿದ ಸುತ್ತಿನಲ್ಲಿ ತಂಪಾಗಿ, ಮತ್ತೆ ಕೆಲಸಕ್ಕೆ ಬರುತ್ತದೆ. ಸವೆತವನ್ನು ಇಡೀ ಅಂಚು ಸಮನಾಗಿ ಹಂಚಿಕೊಳ್ಳುತ್ತದೆ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆಯಂತಹ ದೊಡ್ಡ ಸ್ಥಾವರಗಳಲ್ಲಿ ಯಂತ್ರದಷ್ಟೇ ಅಗಲವಾಗಿ ಸುತ್ತಿದ ಕಾಗದವನ್ನು ಮುದ್ರಣಾಲಯಕ್ಕೆ ಬೇಕಾದ ಅಗಲಕ್ಕೆ ಇಳಿಸುವುದೂ ದುಂಡಲಗೇ. ನಮ್ಮ ಮಕ್ಕಳ ಕೈಯಲ್ಲಿರುವ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಕನ್ನಡವೂ ಸೇರಿ ಎಂಟು ಭಾಷೆಗಳಲ್ಲಿ ಹೊರತರುತ್ತದೆ. ಆ ಸಂಸ್ಥೆ ಆರಂಭವಾದದ್ದು 1967ರಲ್ಲಿ. ಪುಸ್ತಕದ ಮೂರು ಅಂಚುಗಳನ್ನು ನುಣುಪಾಗಿ ಕತ್ತರಿಸುವುದು ನೇರ ಕತ್ತಿ. ಆದರೆ ಅದಕ್ಕೂ ಮೊದಲು ಆ ಕಾಗದ ರೀಲಾಗಿದ್ದಾಗ ಎಲ್ಲಿಯೋ ಒಂದು ದುಂಡಲಗಿನ ಕೆಳಗೆ ಹಾದು ಬಂದಿರುತ್ತದೆ.

ಕತ್ತರಿಸುವ ವಿಧಾನ ಮೂರು ಬಗೆ, ಮೂರೂ ನಮ್ಮ ಅಡುಗೆಮನೆಯಲ್ಲಿವೆ. ಶಂಕರಪಾಳಿಯ ಗಾಲಿ ಹಿಟ್ಟನ್ನು ಮಣೆಗೆ ಒತ್ತಿ ಬೇರ್ಪಡಿಸುತ್ತದೆ. ಕಾರ್ಖಾನೆಯಲ್ಲಿಯೂ ಗಟ್ಟಿ ಉರುಳೆಯ ಮೇಲೆ ಅಲಗನ್ನು ಒತ್ತಿ ಕತ್ತರಿಸುವ ಕ್ರಮವಿದೆ. ಈಳಿಗೆಯಲ್ಲಿ ಅಲಗು ನಿಂತಿದ್ದು ಕಾಯಿಪಲ್ಯ ಚಲಿಸುತ್ತದೆ. ತೆಳುವಾದ ಪ್ಲಾಸ್ಟಿಕ್ ಹಾಳೆಗಳನ್ನು ಹೀಗೆಯೇ ಸೀಳುತ್ತಾರೆ. ಮೂರನೆಯದು ಕತ್ತರಿಯ ಕ್ರಮ. ಮೇಲೊಂದು, ಕೆಳಗೊಂದು ದುಂಡಲಗು ಪರಸ್ಪರ ಬದಿಗೊರಗಿ ತುಸುವೇ ಒಂದನ್ನೊಂದು ದಾಟಿ ನಿಲ್ಲುತ್ತವೆ. ಅವು ಸಂಧಿಸುವ ಬಿಂದುವಿನಲ್ಲಿ ಕಾಗದ ಎರಡಾಗುತ್ತದೆ. ನಾನು ನೋಡಿದ ಯಂತ್ರ ಈ ಮೂರನೆಯ ಜಾತಿಯದು. ಎರಡು ಅಲಗುಗಳು ಒಳಮುಖವಾಗಿ ತಿರುಗುವ ಕಾರಣ ಅಲ್ಲಿ ಸಿಕ್ಕಿದ್ದನ್ನು ಅವು ಕತ್ತರಿಸುವುದಷ್ಟೇ ಅಲ್ಲ, ಒಳಗೆ ಎಳೆದುಕೊಳ್ಳುತ್ತವೆ. ಕಬ್ಬಿನ ಗಾಣವನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಗದ ಮೃದು, ಉಕ್ಕು ಗಟ್ಟಿ; ಆದರೂ ಸವೆಯುವುದು ಉಕ್ಕೇ. ಬಾವಿಯ ಕಲ್ಲಿನಲ್ಲಿ ಹಗ್ಗ ಗೆರೆ ಕೊರೆದಂತೆ. ಕಾಗದವನ್ನು ಬೆಳ್ಳಗೆ, ನುಣುಪಾಗಿ ಮಾಡಲು ಬಿಳಿ ಜೇಡಿಮಣ್ಣನ್ನೋ ಸುಣ್ಣದ ಪುಡಿಯನ್ನೋ ಬೆರೆಸಿರುತ್ತಾರೆ. ರದ್ದಿಯಿಂದ ಮಾಡಿದ ಕಂದು ಕಾಗದದಲ್ಲಿ ಮರಳಿನ ಕಣ, ಹಳೆಯ ಪಿನ್ನಿನ ಚೂರು ಕೂಡ ಉಳಿದಿರಬಹುದು. ಆದ್ದರಿಂದ ಸಾಮಾನ್ಯ ಉಕ್ಕು ಸಾಲದೆ, ಇಂಗಾಲವನ್ನೂ ಕ್ರೋಮಿಯಮ್ಮನ್ನೂ ಹೆಚ್ಚಾಗಿ ಬೆರೆಸಿದ ಉಕ್ಕನ್ನು ಬಳಸುತ್ತಾರೆ. ಅದಕ್ಕಿಂತ ಗಟ್ಟಿಯಾದದ್ದು ಟಂಗ್‌ಸ್ಟನ್ ಕಾರ್ಬೈಡ್. ಜರ್ಮನಿಯಲ್ಲಿ ಕಾರ್ಲ್ ಶ್ರೋಟರ್ 1923ರಲ್ಲಿ ಇದನ್ನು ಬಳಸುವ ಬಗೆಯನ್ನು ಕಂಡುಹಿಡಿದ. ಮೂರು ವರ್ಷಗಳ ತರುವಾಯ ಕ್ರುಪ್ ಕಂಪನಿ ಅದನ್ನು ‘ವಿಡಿಯಾ’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದಿತು. ‘ವಜ್ರದಂತೆ’ ಎಂಬ ಅರ್ಥದ ಜರ್ಮನ್ ಮಾತಿನಿಂದ ಕಟ್ಟಿದ ಹೆಸರದು. ಅದೇ ಹೆಸರಿನ ಕಂಪನಿ 1964ರಲ್ಲಿ ಬೆಂಗಳೂರಿನಲ್ಲಿ ನೆಲೆಯೂರಿತು. ತುಮಕೂರು ರಸ್ತೆಯ ಆ ಕಾರ್ಖಾನೆಯಲ್ಲಿ ದುಡಿದ ಕನ್ನಡಿಗರೆಷ್ಟೋ. ರಟ್ಟನ್ನು ಸೀಳುವ ದೊಡ್ಡ ಸ್ಥಾವರಗಳಲ್ಲಿ ಈಗ ಒಂದೆರಡು ಮಿಲಿಮೀಟರಿಗಿಂತ ದಪ್ಪವಿಲ್ಲದ ಕಾರ್ಬೈಡಿನ ಅಲಗುಗಳಿವೆ. ದಪ್ಪ ಅಲಗು ರಟ್ಟಿನ ಅಲೆಗಳನ್ನು ಅಂಚಿನಲ್ಲಿ ಜಜ್ಜಿಬಿಡುತ್ತದೆ, ತೆಳುವಾದದ್ದು ಜಜ್ಜದೆ ದಾಟುತ್ತದೆ. ಜಜ್ಜಿದ ಅಂಚಿನ ಖೊಕ್ಕೆ ಅಡಕಿನಲ್ಲಿ ಕೆಳಗೆ ಬಂದರೆ ಕುಸಿಯುತ್ತದೆ.

ನನ್ನ ಹುಡುಗ ಕೆಲಸ ಮಾಡುವಲ್ಲಿ ಅಂತಹ ಬೆಲೆಬಾಳುವ ಅಲಗುಗಳಿರಲಿಲ್ಲ. 20 ಸೆಂಟಿಮೀಟರ್ ವ್ಯಾಸದ ಉಕ್ಕಿನವು. ಯಂತ್ರವನ್ನು ಚಾಲೂ ಮಾಡಿ ತೋರಿಸಿದ. ಮೋಟಾರಿನ ಗದ್ದಲ, ಕಾಗದದ ಸರಸರ. ಅಲಗನ್ನು ನೋಡಿದೆ. ಅದು ಅಲುಗದೆ ನಿಂತಿತ್ತು.

“ಇದಿನ್ನೂ ತಿರಗವಲ್ದಲಾ?” ಎಂದೆ.

“ಅಲ್ಲೇ ಮೋಸ ಐತ್ರಿ ಸರ್. ನಿಂತಂಗ ಕಾಣ್ತೈತ್ರಿ. ತಿರಗಾಕತೈತ್ರಿ.”

ಅರವತ್ತು ದಾಟಿದ ಮೇಲೆ ಕಣ್ಣು ಮೋಸಹೋಗುವುದು ಸಹಜ. ಆದರೆ ಇದು ವಯಸ್ಸಿನ ಮೋಸವಲ್ಲ. ಕಟ್ಟಿಗೆ ಕೊಯ್ಯುವ ಗರಗಸಕ್ಕೆ ಹಲ್ಲುಗಳಿವೆ, ತಿರುಗುವಾಗ ಕಿರುಚುತ್ತದೆ. ಎತ್ತಿನ ಗಾಡಿಯ ಗಾಲಿಗೆ ಅರಗಳಿವೆ. ಕಾಗದದ ಅಲಗಿಗೆ ಹಲ್ಲೂ ಇಲ್ಲ, ಅರವೂ ಇಲ್ಲ. ಕನ್ನಡಿಯಂತೆ ಹೊಳೆಯುವ, ಎಲ್ಲ ಕಡೆಗೂ ಒಂದೇ ತೆರನಾದ ತಟ್ಟೆ. ವೃತ್ತವನ್ನು ಅದರ ಕೇಂದ್ರದ ಸುತ್ತ ಎಷ್ಟು ತಿರುಗಿಸಿದರೂ ಅದು ತನ್ನ ಮೇಲೆಯೇ ಕುಳಿತುಕೊಳ್ಳುತ್ತದೆಂದು ಕರಿಹಲಗೆಯ ಮೇಲೆ ಬರೆದು ತೋರಿಸಿದವನು ನಾನೇ. ಆ ಮಾತಿನಲ್ಲಿ ಒಂದು ಬೆರಳಿನ ಪ್ರಶ್ನೆ ಅಡಗಿದೆಯೆಂದು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ನಡೆದದ್ದಿಷ್ಟು. ರಾತ್ರಿ ಪಾಳಿ. ಸೀಳಿದ ಅಂಚಿನ ತೆಳುವಾದ ಪಟ್ಟಿಯೊಂದು ಅಲಗಿನ ಬುಡದಲ್ಲಿ ಸಿಕ್ಕಿಕೊಂಡಿತು. ಹುಡುಗ ಸ್ವಿಚ್ಚನ್ನು ಆರಿಸಿದ. ಅಷ್ಟರಮಟ್ಟಿಗೆ ಸರಿಯಾಗಿಯೇ ನಡೆದುಕೊಂಡ. ಮೋಟಾರಿನ ಸದ್ದು ನಿಂತಿತು. ಸದ್ದು ನಿಂತಿತೆಂದರೆ ಯಂತ್ರ ನಿಂತಿತೆಂದು ತಿಳಿದು ಪಟ್ಟಿಗೆ ಕೈ ಹಾಕಿದ. ಆದರೆ ನಾಲ್ಕೈದು ಕ್ವಿಂಟಲ್ಲಿನ ರೀಲು ಮೋಟಾರಿನೊಡನೆ ನಿಲ್ಲುವುದಿಲ್ಲ. ಅದು ಉರುಳುತ್ತಲೇ ಇತ್ತು, ಅದರೊಡನೆ ಅಲಗೂ. ಅಲಗಿನ ಮೇಲಿರಬೇಕಾದ ತಗಡಿನ ಮುಚ್ಚಳವನ್ನು, ಪಟ್ಟಿ ತೆಗೆಯಲು ಅಡ್ಡಿಯಾಗುತ್ತದೆಂದು, ಯಾರೋ ಎಂದೋ ಬಿಚ್ಚಿಟ್ಟಿದ್ದರು. ಅದು ಗೋಡೆಯ ಹತ್ತಿರ ಧೂಳು ತಿನ್ನುತ್ತಿತ್ತು.

ಮನೆಗೆ ಬಂದು ಲೆಕ್ಕ ಹಾಕಿದೆ. ಹತ್ತನೆಯ ತರಗತಿಯ ಮಕ್ಕಳು ಮಾಡಿ ನೋಡಬಹುದು. ವ್ಯಾಸ 20 ಸೆಂ.ಮೀ. ಆದರೆ ಪರಿಧಿ 62.8 ಸೆಂ.ಮೀ. ನಿಮಿಷಕ್ಕೆ 500 ಸುತ್ತೆಂದು ಹಿಡಿಯೋಣ. ಅಂಚು ನಿಮಿಷಕ್ಕೆ 314 ಮೀಟರ್, ಸೆಕೆಂಡಿಗೆ ಐದು ಮೀಟರಿಗೂ ಮಿಗಿಲಾಗಿ ಓಡುತ್ತದೆ. ಸ್ವಿಚ್ಚು ಆರಿಸಿದ ಮೇಲೆ ವೇಗ ಇಳಿದು ಹತ್ತನೆಯ ಒಂದು ಪಾಲಷ್ಟೇ ಉಳಿಯಿತೆನ್ನಿ. ಆಗಲೂ ಸೆಕೆಂಡಿಗೆ 52 ಸೆಂ.ಮೀ. ಏನಾದರೂ ತಾಕಿದರೆ ಕೈಯನ್ನು ಹಿಂದಕ್ಕೆಳೆಯಲು ಮನುಷ್ಯನಿಗೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದಂಶ ಹಿಡಿಯುತ್ತದೆ. ಅಷ್ಟರೊಳಗೆ ಅಂಚು 10 ಸೆಂ.ಮೀ. ಸರಿದಿರುತ್ತದೆ. ನನ್ನ ನಡುಬೆರಳನ್ನು ಅಳೆದು ನೋಡಿದೆ: ಎಂಟು.

ಹಳ್ಳಿಯ ಹುಡುಗನಿಗೆ ಅಲಗಿನ ಭಯವಿರಲಿಲ್ಲವೆಂದಲ್ಲ. ಅವನ ಮನೆಯಲ್ಲಿ ದನಗಳಿಗೆ ಕಣಕಿ ಕತ್ತರಿಸುವ ಯಂತ್ರವಿದೆ. ದೊಡ್ಡ ಚಕ್ರಕ್ಕೆ ಬಿಗಿದ ಬಾಗಿದ ಕತ್ತಿಗಳು ಕಣ್ಣಿಗೆ ರಾಚುವಂತೆ ಬೀಸುತ್ತವೆ. ಚಿಕ್ಕಂದಿನಿಂದ ಅದರ ಹತ್ತಿರ ಹೋಗಗೊಡದೆ ಬೆಳೆಸಿದ್ದಾರೆ. ನಮ್ಮ ಸಾಂಗಲಿ ಜಿಲ್ಲೆಯ ಯಂತ್ರೋದ್ಯಮದ ಕಥೆ ಆರಂಭವಾಗುವುದೂ ಇದೇ ಕಣಕಿಯ ಯಂತ್ರದಿಂದ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ನಡೆಸುತ್ತ, ಮೊದಮೊದಲು ತಯಾರಿಸಿದ್ದು ಮೇವು ಕತ್ತರಿಸುವ ಯಂತ್ರವನ್ನು, ಆಮೇಲೆ ಕಬ್ಬಿಣದ ನೇಗಿಲನ್ನು. ಅಲ್ಲಿಂದ ಜಾಗ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ಆಶ್ರಯ ದೊರೆತು, 1910ರಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಆ ಚಕ್ರಕ್ಕೂ ಈ ತಟ್ಟೆಗೂ ವಂಶ ಒಂದೇ. ಒಂದು ತನ್ನ ಹಲ್ಲನ್ನು ತೋರಿಸುತ್ತದೆ, ಇನ್ನೊಂದು ತೋರಿಸುವುದಿಲ್ಲ, ಅಷ್ಟೇ.

ಕಾನೂನು ಈ ವಿಷಯದಲ್ಲಿ ಮೂಕವಾಗಿರಲಿಲ್ಲ. 1948ರ ಕಾರ್ಖಾನೆ ಕಾಯಿದೆ ತನ್ನ 21ನೆಯ ಕಲಮಿನಲ್ಲಿಯೇ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಆವರಣವಿರತಕ್ಕದ್ದೆಂದು ವಿಧಿಸಿತು. ಅದರಲ್ಲಿ ಒಂದು ಸೂಕ್ಷ್ಮವಿದೆ: ಯಂತ್ರ ಬಳಕೆಯಲ್ಲಿರುವಾಗ ಮಾತ್ರವಲ್ಲ, ಆ ಭಾಗ ಚಲಿಸುತ್ತಿರುವಾಗಲೆಲ್ಲ ಆವರಣ ತನ್ನ ಸ್ಥಾನದಲ್ಲಿರಬೇಕು. ಸ್ವಿಚ್ಚು ಆರಿದ ಮೇಲೂ ಉರುಳುವ ರೀಲಿನ ವಿಚಾರ ಆ ಕಲಮನ್ನು ಬರೆದವರ ತಲೆಯಲ್ಲಿ ಇತ್ತೆಂದೇ ನನಗನ್ನಿಸುತ್ತದೆ. ಅದಕ್ಕೂ ಹಿಂದಿನದು 1923ರ ಕಾರ್ಮಿಕರ ಪರಿಹಾರ ಕಾಯಿದೆ. ಅದರ ಅನುಸೂಚಿಯಲ್ಲಿ ಬೆರಳುಗಳಿಗೆ ಬೆಲೆ ಕಟ್ಟಿದ ಒಂದು ಪಟ್ಟಿಯಿದೆ. ಗಳಿಕೆಯ ಶಕ್ತಿಯಲ್ಲಿ ಆಗುವ ನಷ್ಟ ಹೆಬ್ಬೆರಳಿಗೆ ಪ್ರತಿಶತ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರದ ಬೆರಳಿಗೂ ಕಿರುಬೆರಳಿಗೂ ತಲಾ 7. ದ್ರೋಣಾಚಾರ್ಯರು ಏಕಲವ್ಯನಿಂದ ಏನನ್ನು ಕೇಳಬೇಕೆಂಬುದನ್ನು ಚೆನ್ನಾಗಿ ಬಲ್ಲವರಾಗಿದ್ದರು! ಎಲುಬಿಗೆ ಧಕ್ಕೆಯಾಗದೆ ನಡುಬೆರಳಿನ ತುದಿಯಷ್ಟೇ ನೇರವಾಗಿ ಕತ್ತರಿಸಿ ಹೋದರೆ 4. ಈ ನೇರ ಕತ್ತರಿಕೆಗೆ ಪಟ್ಟಿಯಲ್ಲಿ ಬಳಸಿದ ಶಬ್ದ ‘ಗಿಲೊಟಿನ್’: ಫ್ರಾನ್ಸಿನಲ್ಲಿ ತಲೆ ಕಡಿಯುತ್ತಿದ್ದ ಯಂತ್ರದ ಹೆಸರು, ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ನೇರ ಕತ್ತಿಯ ಹೆಸರೂ ಅದೇ.

ನನ್ನ ಹುಡುಗನಿಗೆ ಈ ನಾಲ್ಕೂ ದಕ್ಕಲಿಲ್ಲ. ಮಾಲಕರು ಆಸ್ಪತ್ರೆಯ ಖರ್ಚು ಕೊಟ್ಟರು, ಹದಿನೈದು ದಿನಗಳ ಪಗಾರವನ್ನೂ ಕೊಟ್ಟರು. ಕಾಗದದ ಮೇಲೆ ಮಾತ್ರ ಏನೂ ಬರೆಯಲಿಲ್ಲ. ಕಾಗದವನ್ನೇ ಸೀಳುವ ಜಾಗದಲ್ಲಿ ಒಂದು ಹಾಳೆ ಸಿಗಲಿಲ್ಲ. ಮಕ್ಕಳು ಅಂತಹ ಕಡೆಗೆ ದುಡಿಯಲು ಹೋಗುವ ಮನೆಗಳಿಗೆ ಇಷ್ಟನ್ನಾದರೂ ಹೇಳಬೇಕು: ಅಪಘಾತವಾದ ದಿನವೇ ಅಲ್ಲಿಯ ದಾಖಲೆಯಲ್ಲಿ ಅದನ್ನು ಬರೆಯಿಸಿರಿ, ಆಸ್ಪತ್ರೆಯ ಒಂದೊಂದು ಚೀಟಿಯನ್ನೂ ಜೋಪಾನವಾಗಿಡಿರಿ, ಇ.ಎಸ್.ಐ. ನೋಂದಣಿಯಾಗಿದೆಯೇ ಎಂದು ಕೆಲಸಕ್ಕೆ ಸೇರುವ ಮುನ್ನವೇ ಕೇಳಿರಿ.

ಕೇಳಲು ಕಠಿಣವಾದರೂ ತಿಳಿದಿರಬೇಕಾದ ಇನ್ನೊಂದು ಸಂಗತಿ. ಬೆರಳು ಪೂರ್ತಿ ತುಂಡಾಗಿ ಬಿದ್ದರೆ ಅದನ್ನು ಎಸೆಯಬಾರದು. ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿಡಬೇಕು. ತುಂಡನ್ನು ಸ್ವಚ್ಛ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು. ಆ ಚೀಲವನ್ನು ಬರ್ಫದ ಮೇಲಿಡಬೇಕು. ತುಂಡಿಗೆ ಬರ್ಫ ನೇರವಾಗಿ ತಾಕಕೂಡದು, ತಾಕಿದರೆ ಅದು ಸತ್ತುಹೋಗುತ್ತದೆ. ಅರಿಷಿಣ ಪುಡಿ, ಚಹಾಪುಡಿ ತುಂಬುವುದು ಬೇಡವೇ ಬೇಡ. ಸಾಂಗಲಿಯ ಅರಿಷಿಣಕ್ಕೆ ಎಷ್ಟೇ ಹೆಸರಿದ್ದರೂ ಅದರ ಜಾಗ ಅಡುಗೆಮನೆ. 1894ರಲ್ಲಿ ಡಾಕ್ಟರ್ ವಾನ್ಲೆಸ್ ಆಸ್ಪತ್ರೆ ಸ್ಥಾಪಿಸಿದಂದಿನಿಂದ ಮಿರಜೆ ವೈದ್ಯಕ್ಕೆ ಹೆಸರಾದ ಊರು. ಒಂದು ಗಂಟೆಯನ್ನೂ ಕಳೆಯದೆ ದೊಡ್ಡ ಆಸ್ಪತ್ರೆಗೆ ಹೋಗುವುದು ನಮ್ಮ ಕಡೆಯವರಿಗೆ ಅಸಾಧ್ಯವೇನಲ್ಲ.

ಇನ್ನು ಆ ತಾಯಿಯ ಮಾತು. ಯಂತ್ರದ ಮೇಲೆ ಬೋರ್ಡು ಇತ್ತು. ಮರಾಠಿಯಲ್ಲಿ ‘ಸಾವಧಾನ’ ಎಂದು ಬರೆದು, ಕೆಂಪು ಬಣ್ಣದಲ್ಲಿ ಒಂದು ಕೈಯ ಚಿತ್ರ. ಹುಡುಗ ಅದನ್ನು ದಿನಾಲು ಓದುತ್ತಿದ್ದ. ಸಾವಧಾನವೆಂದರೆ ಕನ್ನಡದಲ್ಲಿಯೂ ಸಾವಧಾನವೇ. ಏತಕ್ಕೆ ಸಾವಧಾನ, ಎಷ್ಟು ಹೊತ್ತು ಸಾವಧಾನ, ಎಂಬುದು ಯಾವ ಭಾಷೆಯಲ್ಲಿಯೂ ಅಲ್ಲಿರಲಿಲ್ಲ. ಹುಡುಗನಿಗೆ ಕೆಲಸ ಕಲಿಸಿದ ಮೇಸ್ತ್ರಿ ವಿಜಯಪುರದ ಕಡೆಯವನು, ಕನ್ನಡದವನೇ. ರೀಲನ್ನು ಹೇಗೆ ಏರಿಸಬೇಕು, ಅಲಗಿನ ಒತ್ತಡವನ್ನು ಹೇಗೆ ಹೊಂದಿಸಬೇಕು ಎಂಬುದನ್ನೆಲ್ಲ ಅಚ್ಚಗನ್ನಡದಲ್ಲಿ ಕಲಿಸಿದ. ಸ್ವಿಚ್ಚು ಆರಿದ ಮೇಲೂ ಅಲಗು ತಿರುಗುತ್ತದೆಂದು ಹೇಳಲಿಲ್ಲ. “ಅದು ಗೊತ್ತಿರೂ ಮಾತಲ್ರಿ ಸರ್, ಅದನ್ನೇನ ಹೇಳೂದು?” ಎಂದು ನನ್ನನ್ನೇ ಕೇಳಿದ.

ಅವನ ಮೇಲೆ ಸಿಟ್ಟಾಗಲು ನನಗೆ ಬಾಯಿಲ್ಲ. ನಾನೂ ಅದನ್ನೇ ಮಾಡಿದವನು. ಅಲಗಿನ ಮುಂದೆ ನಿಂತು ಹುಡುಗನನ್ನು ಕೇಳಿದೆ, ಸ್ಪರ್ಶಕವೆಂದರೇನು? ಒಂದು ಕ್ಷಣವೂ ತಡೆಯದೆ ಹೇಳಿದ: ವೃತ್ತವನ್ನು ಒಂದೇ ಒಂದು ಬಿಂದುವಿನಲ್ಲಿ ಮುಟ್ಟುವ ರೇಖೆ, ಆ ಬಿಂದುವಿನಲ್ಲಿ ತ್ರಿಜ್ಯಕ್ಕೆ ಲಂಬ. ಕಾಗದ ಅಲಗನ್ನು ಮುಟ್ಟುವುದು ಹಾಗೆಯೇ, ಬಿಂದುವಿನಲ್ಲಿ ಅಂಚು ಓಡುವ ದಿಕ್ಕೂ ಅದೇ, ಆದ್ದರಿಂದಲೇ ಬೆರಳು ಒಳಗೆ ಸೆಳೆಯಲ್ಪಡುತ್ತದೆ ಎಂದು ನಾನು ತೋರಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, “ಇದನ್ನ ಆವಾಗ್ಯಾಕ ಹೇಳಲಿಲ್ರಿ ಸರ್?”

ತಾಯಿಯ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ವಾದಿಸಲಾರೆ. ಹತ್ತನೆಯದರ ಆಚೆಗೆ ಕನ್ನಡದಲ್ಲಿ ಓದಿದ ಹುಡುಗನಿಗೆ ಇಲ್ಲಿ ದಾರಿ ಕಿರಿದಾಗಿದೆ. ಆದರೆ ಬೆರಳು ಹೋದದ್ದು ಆ ದಾರಿಯಲ್ಲಲ್ಲ. ವೃತ್ತವನ್ನು ಅವನು ಕನ್ನಡದಲ್ಲಿ ಚೆನ್ನಾಗಿಯೇ ಕಲಿತಿದ್ದ. ಅದು ಪುಸ್ತಕದಲ್ಲಿಯೇ ಉಳಿಯುವಂತೆ ಕಲಿಸಿದವನು ನಾನು. ಇಷ್ಟನ್ನು ಆಕೆಯ ಮನೆಗೆ ಹೋಗಿ ಹೇಳಿ ಬಂದೆ. ಆಕೆ ಚಹಾ ಕೊಟ್ಟಳು. ಒಪ್ಪಿದಳೋ ಇಲ್ಲವೋ ಹೇಳಲಿಲ್ಲ. ಕಿರಿಯ ಮಗಳು ಎಂಟನೆಯ ತರಗತಿಯಲ್ಲಿ, ಇನ್ನೂ ಕನ್ನಡ ಶಾಲೆಯಲ್ಲಿಯೇ ಇದ್ದಾಳೆ.

ಕಾರಖಾನೆಯಲ್ಲಿ ಈಗ ಎರಡು ಬದಲಾವಣೆಗಳಾಗಿವೆ. ತಗಡಿನ ಮುಚ್ಚಳ ಗೋಡೆಯ ಬುಡದಿಂದ ಮರಳಿ ಅಲಗಿನ ಮೇಲೆ ಬಂದಿದೆ. ಎರಡನೆಯದು ನನ್ನ ಸೂಚನೆ, ಆದರೆ ಯೋಚನೆ ನನ್ನದಲ್ಲ. ವಿಮಾನದ ಇಂಜಿನ್ನಿನ ನಡುವೆ, ಮೂಗಿನಂತೆ ಮುಂಚಾಚಿದ ಭಾಗದ ಮೇಲೆ, ಬಿಳಿಯ ಸುರುಳಿಯೊಂದನ್ನು ಬರೆದಿರುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಅಲಂಕಾರಕ್ಕಲ್ಲ, ಇಂಜಿನ್ನು ತಿರುಗುತ್ತಿದೆಯೋ ನಿಂತಿದೆಯೋ ಎಂಬುದು ನೆಲದ ಮೇಲಿನ ಕೆಲಸಗಾರರಿಗೆ ಒಂದೇ ನೋಟಕ್ಕೆ ತಿಳಿಯಲೆಂದು. ಅದರಂತೆ ಹುಡುಗ ಪ್ರತಿಯೊಂದು ಅಲಗಿನ ಮೈಮೇಲೆ, ಅಂಚಿನಿಂದ ದೂರದಲ್ಲಿ, ಕರಿಯ ಬಣ್ಣದಿಂದ ಒಂದು ಅಲ್ಪವಿರಾಮದ ಚಿಹ್ನೆ ಬರೆದಿದ್ದಾನೆ. ವೇಗ ಹೆಚ್ಚಿರುವಾಗ ಅದು ಬೂದು ಬಣ್ಣದ ಬಳೆಯಾಗಿ ಕಾಣುತ್ತದೆ, ವೇಗ ಇಳಿದಂತೆ ಚಿಹ್ನೆ ಸುತ್ತುವುದು ಕಾಣುತ್ತದೆ. ಚಿಹ್ನೆ ನಿಲ್ಲುವವರೆಗೆ ಯಾರೂ ಕೈ ಹಾಕುವುದಿಲ್ಲ. ಮೇಸ್ತ್ರಿ ಮೊದಲು ನಕ್ಕನಂತೆ. ಈಗ ಹೊಸಬರಿಗೆ ಅದನ್ನು ತೋರಿಸುವವನು ಅವನೇ. ಸಿಕ್ಕ ಪಟ್ಟಿಯನ್ನು ತೆಗೆಯಲು ಕಟ್ಟಿಗೆಯ ಕೋಲೊಂದನ್ನು ಯಂತ್ರದ ಬದಿಗೆ ಕಟ್ಟಿದ್ದಾರೆ. ತಿರುಗುವ ಅಲಗಿನ ಹತ್ತಿರ ಕೈಚೀಲ ತೊಡುವುದನ್ನು ಬಿಡಿಸಿದ್ದಾರೆ. ಅಲಗನ್ನು ಬಿಚ್ಚಿ ಒಯ್ಯುವಾಗ ಅದು ಬೇಕು, ತಿರುಗುವಾಗ ಅದರ ಎಳೆಯೇ ಕೈಯನ್ನು ಒಳಗೆಳೆಯುತ್ತದೆ. ಮಣಿಕಟ್ಟಿನ ಕರಿದಾರವನ್ನು ಮಾತ್ರ ಹುಡುಗ ಬಿಚ್ಚಲೊಲ್ಲ. ಅಂಗಿಯ ತೋಳಿನೊಳಗೆ ಸೇರಿಸಿ ಗುಂಡಿ ಹಾಕಿಕೊಳ್ಳುತ್ತೇನೆ ಎನ್ನುತ್ತಾನೆ. ಅವನ ಅಜ್ಜಿ ಕಟ್ಟಿದ್ದು.

ಹೋದ ಶನಿವಾರ ಅವನು ಸವೆದ ಅಲಗೊಂದನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಶಾಲೆಗೆ ಬಂದಿದ್ದ. ಅಂಚನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಮೇಲೆ ಟೇಪು ಸುತ್ತಿ ತಂದಿದ್ದ. ಮಕ್ಕಳ ಎದುರು ಟೇಪು ಬಿಚ್ಚಿ, ತಾನೇ ಹಿಡಿದು, ಸುತ್ತಲೂ ದಾರ ಸುತ್ತಿಸಿದ. ಹೊಸತರಲ್ಲಿ 20 ಸೆಂ.ಮೀ. ವ್ಯಾಸವಿತ್ತೆಂದು ಹೇಳಿದ್ದರಿಂದ ಎಲ್ಲರೂ 62.8 ಬರುತ್ತದೆಂದು ಕಾಯುತ್ತಿದ್ದರು. ದಾರವನ್ನು ಅಳೆಪಟ್ಟಿಯ ಮೇಲೆ ಚಾಚಿದಾಗ 60.3 ಬಂತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಭಾಗಿಸಿ ಹೇಳಿದಳು: ವ್ಯಾಸ 19.2, ಎಂಟು ಮಿಲಿಮೀಟರ್ ಸಾಣೆಯಲ್ಲಿ ಹೋಗಿದೆ. ಆಮೇಲೆ ಅವನ ಬೆರಳನ್ನು ನೋಡುತ್ತ, “ಅಣ್ಣಾ, ಅದು ಎಷ್ಟ ಹೋಗೇತಿ?” ಎಂದಳು. ಅವನು ಬಟ್ಟೆ ಬಿಚ್ಚಿ ತೋರಿಸಿದ. ಅಲಗು ಈಗ ಪ್ರಯೋಗಶಾಲೆಯ ಕಪಾಟಿನಲ್ಲಿದೆ, ಕೀಲಿ ಮುಖ್ಯಾಧ್ಯಾಪಕರ ಬಳಿ.